ನಿನ್ನೆ ಮಗು ಏನೇನು ಕುಡಿಯಿತು? ಹಸುಳೆಗಳ ಆಹಾರದ ರಾಷ್ಟ್ರೀಯ ಸಮೀಕ್ಷೆಗಳು ನಡೆದುಬಂದ ದಾರಿ

ಭಾರತದಲ್ಲಿ ಆರು ತಿಂಗಳೊಳಗಿನ ಎಷ್ಟು ಮಕ್ಕಳು ಎದೆಹಾಲನ್ನಷ್ಟೇ ಕುಡಿದು ಬೆಳೆಯುತ್ತಿದ್ದಾರೆ? 2013-14ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಯುನಿಸೆಫ್ ನೆರವಿನಿಂದ ನಡೆಸಿದ ಕ್ಷಿಪ್ರ ಸಮೀಕ್ಷೆ ಶೇ 64.9 ಎಂದಿತು. 2015-16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಶೇ 54.9 ಎಂದಿತು. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಗೆ ಸಿಕ್ಕಿದ್ದು ಶೇ 58. ಕೋಟ್ಯಂತರ ಮನೆಗಳ ರೂಢಿ ನಾಲ್ಕೈದು ವರ್ಷಗಳಲ್ಲಿ ಹೀಗೆ ಇಳಿದು ಏರುವುದಿಲ್ಲ. ಈ ಏರಿಳಿತದ ದೊಡ್ಡ ಪಾಲು ಬಂದಿರುವುದು ಅಳತೆಯಿಂದಲೇ. ಯಾವ ಮನೆಗಳನ್ನು ಆರಿಸಿಕೊಂಡರು, ಯಾರು ಹೋಗಿ ಕೇಳಿದರು, ಯಾವ ಮಾತಿನಲ್ಲಿ ಕೇಳಿದರು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಹಾಗೆಂದು ಈ ಸಮೀಕ್ಷೆಗಳನ್ನು ತಳ್ಳಿಹಾಕುವಂತಿಲ್ಲ. ಅಂಗನವಾಡಿಯ ಪೌಷ್ಟಿಕ ಆಹಾರದಿಂದ ಹಿಡಿದು ಆಸ್ಪತ್ರೆಯ ಹೆರಿಗೆ ವಾರ್ಡಿನ ನಿಯಮದವರೆಗೆ ಎಲ್ಲದಕ್ಕೂ ಆಧಾರ ಅವೇ. ಆದರೆ ಅವುಗಳನ್ನು ಓದುವವರು ಪ್ರತಿ ಸಂಖ್ಯೆಯ ಹಿಂದೆ ಒಂದು ಪ್ರಶ್ನೆ ಇದೆ, ಪ್ರತಿ ಪ್ರಶ್ನೆಯ ಹಿಂದೆ ಕೇಳಿದವರದೊಂದು ಕಾಳಜಿ ಇದೆ ಎಂಬುದನ್ನು ಮರೆಯಬಾರದು. ಮೊದಲು ಆ ಕಾಳಜಿ ಜನಸಂಖ್ಯೆಯದಾಗಿತ್ತು. ಆಮೇಲೆ ಮಗುವಿನ ಕಾಯಿಲೆಯದಾಯಿತು, ಆನಂತರ ಮಗುವಿನ ತಟ್ಟೆಯದಾಯಿತು. ಹಾಲೂಡಿಸುವ ತಾಯಿಯ ಸರದಿ ಮಾತ್ರ ಇನ್ನೂ ಬಂದಿಲ್ಲ.

ಜನಸಂಖ್ಯೆಯ ಲೆಕ್ಕದೊಳಗೆ ಹುಟ್ಟಿದ ಪ್ರಶ್ನೆ

ಸ್ವಾತಂತ್ರ್ಯದ ನಂತರದ ಮೊದಲ ದಶಕದಲ್ಲಿ ದೇಶವನ್ನು ಕಾಡುತ್ತಿದ್ದುದು ಏರುತ್ತಿದ್ದ ಜನಸಂಖ್ಯೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಕೈಗೊಂಡ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಹೊರಬಂತು. ಮಾದರಿ ಮನೆಗಳನ್ನು ಆರಿಸಿ, ಅಲ್ಲಿನ ಹೆಂಗಸರನ್ನು ನೇರವಾಗಿ ಮಾತಾಡಿಸಿ ಹೆರಿಗೆಗಳ ವಿವರ ಪಡೆಯುವ ಕ್ರಮವನ್ನು ನಮ್ಮ ನೆಲದಲ್ಲಿ ಗಟ್ಟಿಯಾಗಿ ಪರೀಕ್ಷಿಸಿದ ಮೊದಮೊದಲ ಯತ್ನಗಳಲ್ಲಿ ಅದೂ ಒಂದು.

ಪಂಜಾಬಿನ ಲುಧಿಯಾನ ಜಿಲ್ಲೆಯಲ್ಲಿ 1953ರಲ್ಲಿ ಮೊದಲಾದ ಖನ್ನಾ ಅಧ್ಯಯನದ ಗುರಿಯೂ ಜನನ ನಿಯಂತ್ರಣವೇ. ಹಾರ್ವರ್ಡ್‌ನ ಜಾನ್ ವಯನ್ ಮತ್ತು ಜಾನ್ ಗಾರ್ಡನ್ ನಡೆಸಿದ ಆ ಕೆಲಸದಿಂದ ಎದೆಹಾಲಿನ ಬಗ್ಗೆ ಎರಡು ಮುಖ್ಯ ತಿಳಿವಳಿಕೆಗಳು ಹೊಮ್ಮಿದವು. ಹನ್ನೊಂದು ಹಳ್ಳಿಗಳ ಮಾಹಿತಿಯಿಂದ 1965ರಲ್ಲಿ ಪ್ರಕಟವಾದ ಲೇಖನವೊಂದು, ದೀರ್ಘಕಾಲ ಹಾಲೂಡಿಸುವ ತಾಯಂದಿರಲ್ಲಿ ಮುಂದಿನ ಬಸಿರು ತಡವಾಗುತ್ತದೆ ಎಂದು ತೋರಿಸಿತು. ಅದಕ್ಕೂ ಎರಡು ವರ್ಷ ಮೊದಲು ಬಂದ ಇನ್ನೊಂದು ಲೇಖನ, ಹಾಲು ಬಿಡಿಸಿ ಬೇರೆ ಆಹಾರ ಹಿಡಿಸುವ ಹೊತ್ತಿನಲ್ಲೇ ಮಕ್ಕಳಿಗೆ ಭೇದಿ ಹೆಚ್ಚುತ್ತದೆ ಎಂಬುದನ್ನು ಗುರುತಿಸಿತ್ತು. ಮುಂದಿನ ಅರ್ಧ ಶತಮಾನದ ಸಮೀಕ್ಷೆಗಳು ಬೆಳೆದದ್ದು ಈ ಎರಡು ಎಳೆಗಳನ್ನೇ ಹಿಡಿದು.

ಮೊದಲು ಬಲಗೊಂಡದ್ದು ಜನಸಂಖ್ಯೆಯ ಎಳೆ. 1970ರ ದಶಕದ ವಿಶ್ವ ಫಲವಂತಿಕೆ ಸಮೀಕ್ಷೆ ಎಷ್ಟು ತಿಂಗಳು ಹಾಲೂಡಿಸಿದಿರಿ ಎಂದು ಹಲವು ದೇಶಗಳ ತಾಯಂದಿರನ್ನು ಕೇಳಿತು. 1978ರಲ್ಲಿ ಜಾನ್ ಬೊಂಗಾರ್ಟ್ಸ್ ರೂಪಿಸಿದ ಚೌಕಟ್ಟಿನಲ್ಲಿ, ಜನನ ಪ್ರಮಾಣವನ್ನು ನಿರ್ಧರಿಸುವ ನಾಲ್ಕು ಮುಖ್ಯ ಅಂಶಗಳ ಪೈಕಿ ಹೆರಿಗೆಯ ನಂತರ ಗರ್ಭ ಕಟ್ಟದ ಅವಧಿಯೂ ಒಂದಾಯಿತು. ಆ ಅವಧಿಯನ್ನು ಬಹುವಾಗಿ ತೀರ್ಮಾನಿಸುವುದು ಹಾಲೂಡಿಸುವಿಕೆ. ಆಗ ಕೇಳುವವರಿಗೆ ಬೇಕಿದ್ದುದು ತಿಂಗಳುಗಳ ಲೆಕ್ಕವಷ್ಟೇ. ಮಗುವಿಗೆ ನಡುವೆ ನೀರು ಕೊಟ್ಟರೇ, ಹಸುವಿನ ಹಾಲು ಕೊಟ್ಟರೇ ಎಂಬುದು ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ.

ನೆನಪಿನ ತೊಡಕು

ಡಬ್ಬಿ ಹಾಲಿನ ಪುಡಿಯ ಮಾರಾಟ ಬಡ ದೇಶಗಳಲ್ಲಿ ಹಬ್ಬುತ್ತಿದ್ದ ಕಾಲವದು. ವಿಶ್ವ ಆರೋಗ್ಯ ಸಂಸ್ಥೆ 1975ರಿಂದ 1978ರವರೆಗೆ ಭಾರತವೂ ಸೇರಿದಂತೆ ಒಂಬತ್ತು ದೇಶಗಳಲ್ಲಿ ಹಾಲೂಡಿಸುವ ರೂಢಿಗಳನ್ನು ಅಧ್ಯಯನ ಮಾಡಿ 1981ರಲ್ಲಿ ವರದಿ ಹೊರತಂದಿತು. ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆ ಬಂದದ್ದೂ ಅದೇ ವರ್ಷ. ಭಾರತ 1992ರಲ್ಲಿ ಅದನ್ನು ಕಾಯ್ದೆಯಾಗಿಸಿತು, 2003ರಲ್ಲಿ ತಿದ್ದುಪಡಿ ತಂದು ಇನ್ನಷ್ಟು ಬಿಗಿಗೊಳಿಸಿತು.

ಆ ಕಾಯ್ದೆ ಬಂದ ವರ್ಷವೇ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಶುರುವಾಯಿತು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಹೊಣೆಯಲ್ಲಿ 1992-93ರಲ್ಲಿ 89,777 ಮಹಿಳೆಯರನ್ನು ಮಾತಾಡಿಸಲಾಯಿತು. ತಿಂಗಳುಗಳ ಲೆಕ್ಕದ ತೊಡಕು ಇಲ್ಲಿ ಎದುರಾಯಿತು. ಎರಡು ಮೂರು ವರ್ಷದ ಹಿಂದಿನ ಸಂಗತಿ ಕೇಳಿದರೆ ಬಹಳಷ್ಟು ತಾಯಂದಿರು ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಎಂದು ದುಂಡು ಸಂಖ್ಯೆ ಹೇಳುತ್ತಾರೆ. ಹಾಗೆ ಹೇಳುವುದು ಸಹಜ, ಅಷ್ಟು ದಿನದ ಹಿಂದಿನದನ್ನು ಯಾರೂ ದಿನ ಎಣಿಸಿ ನೆನಪಿಡುವುದಿಲ್ಲ. ಪರಿಹಾರವಾಗಿ ತಜ್ಞರು ಲೆಕ್ಕದ ದಾರಿಯನ್ನೇ ಬದಲಿಸಿದರು. ಎಷ್ಟು ತಿಂಗಳು ಊಡಿಸಿದಿರಿ ಎನ್ನುವುದಕ್ಕಿಂತ, ಈಗ ಊಡಿಸುತ್ತಿದ್ದೀರಾ ಎಂಬ ಪ್ರಶ್ನೆಯ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟರು. ಒಂದು ತಿಂಗಳ ಕೂಸಿನಿಂದ ಮೂರು ವರ್ಷದ ಮಗುವಿನವರೆಗೆ ಒಂದೊಂದು ವಯಸ್ಸಿನಲ್ಲಿ ಎಷ್ಟು ಮಕ್ಕಳು ಇನ್ನೂ ಹಾಲು ಕುಡಿಯುತ್ತಿದ್ದಾರೆ ಎಂದು ನೋಡಿ ಸರಾಸರಿ ಅವಧಿಯನ್ನು ಕಟ್ಟಿದರು. ಭಾರತದ ತಾಯಂದಿರು ಎರಡು ವರ್ಷಕ್ಕೂ ತುಸು ಹೆಚ್ಚು ಕಾಲ ಹಾಲೂಡಿಸುತ್ತಾರೆ ಎಂಬ ಭರವಸೆಯ ಚಿತ್ರ ಹೀಗೆ ಸಿಕ್ಕಿತು.

ಒಂದು ಹಗಲು, ಒಂದು ರಾತ್ರಿ

ಅಷ್ಟರಲ್ಲಿ ಎರಡನೆಯ ಎಳೆ, ಕಾಯಿಲೆಯದು, ಬಲಗೊಂಡಿತ್ತು. 1987ರಲ್ಲಿ ಸೆಸಾರ್ ವಿಕ್ಟೋರಾ ಮತ್ತು ಸಂಗಡಿಗರು ದಕ್ಷಿಣ ಬ್ರೆಜಿಲ್‌ನಿಂದ ವರದಿ ಮಾಡಿದ ಫಲಿತಾಂಶ ಕಣ್ಣು ತೆರೆಸುವಂಥದು. ಎದೆಹಾಲನ್ನಷ್ಟೇ ಕುಡಿಯುವ ಕೂಸುಗಳಿಗೆ ಹೋಲಿಸಿದರೆ, ಎದೆಹಾಲನ್ನೇ ಕುಡಿಯದ ಕೂಸುಗಳು ಭೇದಿಯಿಂದ ಸಾಯುವ ಅಪಾಯ 14.2 ಪಟ್ಟು. ಎದೆಹಾಲಿನ ಜೊತೆ ಬೇರೆ ಹಾಲನ್ನೂ ಕುಡಿಯುವ ಕೂಸುಗಳಿಗೂ ಅಪಾಯ ನಾಲ್ಕು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಎದೆಹಾಲು ಕೊಟ್ಟರೇ ಎಂದಷ್ಟೇ ಕೇಳಿದರೆ ಸಾಲದು, ಅದರ ಜೊತೆ ಇನ್ನೇನು ಕೊಟ್ಟರು ಎಂದೂ ಕೇಳಬೇಕಾಯಿತು.

ನಮ್ಮಲ್ಲಿ ಎದೆಹಾಲಷ್ಟೇ ಸಾಕು ಎಂಬುದಕ್ಕೆ ಎದುರಾದ ಮಾತು ಬೇಸಿಗೆಯ ಬಾಯಾರಿಕೆ. ಬಿಸಿಲಲ್ಲಿ ಕೂಸಿಗೆ ನೀರು ಬೇಡವೇ ಎಂದು ಮನೆಯ ಹಿರಿಯರು ಕೇಳುತ್ತಿದ್ದರು, ವೈದ್ಯರಿಗೂ ಆ ಅನುಮಾನವಿತ್ತು. ಎಚ್.ಪಿ.ಎಸ್. ಸಚ್‌ದೇವ್ ಮತ್ತು ಸಂಗಡಿಗರು ದೆಹಲಿಯ ಬೇಸಿಗೆಯಲ್ಲೇ ಅದನ್ನು ಪರೀಕ್ಷಿಸಿ 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ತಾಯಿಯ ಹಾಲು ಸಾಕಷ್ಟು ಸಿಗುತ್ತಿದ್ದರೆ ಅಂಥ ಸೆಕೆಯಲ್ಲೂ ಕೂಸಿಗೆ ಬೇರೆ ನೀರು ಬೇಕಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಎಲ್ಲ ದೇಶಗಳಿಗೂ ಒಪ್ಪುವ ಸೂಚಕಗಳನ್ನು ಗೊತ್ತುಮಾಡಿತು. ಕಳೆದ 24 ಗಂಟೆಗಳಲ್ಲಿ ಮಗುವಿಗೆ ಏನೇನು ಕೊಟ್ಟಿರಿ ಎಂಬುದೇ ಮೂಲ ಪ್ರಶ್ನೆಯಾಯಿತು. ಸಮೀಕ್ಷಕಿ ಪಟ್ಟಿ ಹಿಡಿದು ಒಂದೊಂದನ್ನೇ ಓದುತ್ತಾಳೆ: ನೀರು, ಹಣ್ಣಿನ ರಸ, ಡಬ್ಬಿ ಹಾಲು, ಹಸು ಎಮ್ಮೆಯ ಹಾಲು, ಗಂಜಿ. ಎಲ್ಲಕ್ಕೂ ಇಲ್ಲ ಎಂದರಷ್ಟೇ ಆ ಮಗು ‘ಎದೆಹಾಲು ಮಾತ್ರ’ ಎಂಬ ಗುಂಪಿಗೆ ಸೇರುತ್ತದೆ.

ನಿನ್ನೆಯ ಮಾತು ಎಲ್ಲರಿಗೂ ನೆನಪಿರುತ್ತದೆ, ಅದು ಈ ವಿಧಾನದ ಬಲ. ಮೊನ್ನೆಯದನ್ನು ಅದು ಕೇಳುವುದಿಲ್ಲ, ಅದು ದೌರ್ಬಲ್ಯ. ಹುಟ್ಟಿದ ದಿನ ಜೇನುತುಪ್ಪ ನೆಕ್ಕಿದ, ವಾರದ ಹಿಂದೆ ಬಜೆ ತೇಯ್ದ ನೀರು ಅಥವಾ ಗ್ರೈಪ್ ವಾಟರ್ ಕುಡಿದ ಕೂಸೂ ನಿನ್ನೆ ಬರೀ ಎದೆಹಾಲು ಕುಡಿದಿದ್ದರೆ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ಅಂತರ ಎಷ್ಟು ದೊಡ್ಡದೆಂದು ಕ್ಲಾರಾ ಆರ್ಟ್ಸ್ ಮತ್ತು ಸಂಗಡಿಗರು ಸ್ವೀಡನ್‌ನಲ್ಲಿ ಅಳೆದು 2000ದಲ್ಲಿ ಪ್ರಕಟಿಸಿದರು. ಎರಡು ತಿಂಗಳ ಕೂಸುಗಳಲ್ಲಿ 24 ಗಂಟೆಯ ಲೆಕ್ಕದಂತೆ ಶೇ 92 ಎದೆಹಾಲನ್ನಷ್ಟೇ ಕುಡಿಯುತ್ತಿದ್ದವು. ಹುಟ್ಟಿದಂದಿನಿಂದ ನೋಡಿದರೆ ಅದು ಶೇ 51. ನಾಲ್ಕು ತಿಂಗಳಿಗೆ ಈ ಸಂಖ್ಯೆಗಳು 73 ಮತ್ತು 30.

ಮೂರು ದಶಕ ಹೇಳುವ ಕಥೆ

2001ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ, ಎದೆಹಾಲನ್ನಷ್ಟೇ ಕೊಡುವ ಅವಧಿಗೆ ‘ನಾಲ್ಕರಿಂದ ಆರು ತಿಂಗಳು’ ಎಂಬ ಹಳೆಯ ಸಲಹೆಯ ಜಾಗದಲ್ಲಿ ಪೂರ್ತಿ ಆರು ತಿಂಗಳನ್ನು ಅಂಗೀಕರಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಳತೆಗೋಲೂ ಬದಲಾಯಿತು. 1998-99ರ ಎರಡನೆಯ ಸುತ್ತಿನಲ್ಲಿ ಸುಮಾರು ಶೇ 55 ಎಂದಿದ್ದುದು ನಾಲ್ಕು ತಿಂಗಳೊಳಗಿನ ಕೂಸುಗಳ ಲೆಕ್ಕ. 2005-06ರ ಮೂರನೆಯ ಸುತ್ತಿನ ಶೇ 46.4 ಆರು ತಿಂಗಳೊಳಗಿನ ಎಲ್ಲ ಕೂಸುಗಳದು. ಎರಡನ್ನೂ ಪಕ್ಕಪಕ್ಕ ಇಟ್ಟು ಕುಸಿತ ಎನ್ನುವುದು ತಪ್ಪಾಗುತ್ತದೆ. ಒಂದೇ ಅಳತೆಯಲ್ಲಿ ನೋಡಿದರೆ ಮೂರನೆಯ ಸುತ್ತಿನ 46.4 ನಾಲ್ಕನೆಯದರಲ್ಲಿ 54.9 ಆಗಿ, 2019-21ರ ಐದನೆಯದರಲ್ಲಿ 63.7ಕ್ಕೆ ಏರಿದೆ. ಕರ್ನಾಟಕದಲ್ಲೂ ನಾಲ್ಕನೆಯ ಮತ್ತು ಐದನೆಯ ಸುತ್ತುಗಳ ನಡುವೆ ಸುಮಾರು 54ರಿಂದ 61ಕ್ಕೆ ಏರಿಕೆಯಾಗಿದೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿದ ಮಾತು ನಾಟಿದೆ ಎಂದು ನಂಬಲು ಇಲ್ಲಿ ಆಧಾರವಿದೆ.

ಈ ಸರಾಸರಿಯೊಳಗೊಂದು ಇಳಿಜಾರು ಇದೆ. ಮೂರನೆಯ ಸುತ್ತಿನಲ್ಲಿ ಎರಡು ತಿಂಗಳೊಳಗಿನ ಕೂಸುಗಳಲ್ಲಿ ಶೇ 69 ಎದೆಹಾಲನ್ನಷ್ಟೇ ಕುಡಿಯುತ್ತಿದ್ದರೆ, ನಾಲ್ಕೈದು ತಿಂಗಳ ಕೂಸುಗಳಲ್ಲಿ ಶೇ 28 ಮಾತ್ರ. ‘ಆರು ತಿಂಗಳೊಳಗಿನವರಲ್ಲಿ ಇಷ್ಟು’ ಎಂಬ ಮಾತನ್ನು ‘ಆರು ತಿಂಗಳು ತುಂಬುವವರೆಗೆ ಇಷ್ಟು’ ಎಂದು ಓದುವುದು ನಮ್ಮ ಸುದ್ದಿಗಳಲ್ಲಿ ಮರುಕಳಿಸುವ ತಪ್ಪು.

ಹುಟ್ಟಿದ ಮೊದಲ ಗಂಟೆಯ ಕಥೆ ಬೇರೆ. ಎರಡನೆಯ ಸುತ್ತಿನಲ್ಲಿ ಸುಮಾರು ಶೇ 63 ತಾಯಂದಿರು ಹೆತ್ತ ಕೂಡಲೇ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ರೋಗನಿರೋಧಕ ಅಂಶಗಳು ತುಂಬಿರುವ ಹಾಲು ಅದು. ಮೊದಲ ಮೂರು ದಿನಗಳಲ್ಲಿ ಎದೆಹಾಲಲ್ಲದೆ ಬೇರೇನಾದರೂ ಕುಡಿಸಿದವರು ಮೂರನೆಯ ಸುತ್ತಿನಲ್ಲಿ ಶೇ 57 ಇದ್ದರೆ, ನಾಲ್ಕನೆಯದರಲ್ಲಿ ಶೇ 21ಕ್ಕೆ ಇಳಿದರು. ಇದು ದೊಡ್ಡ ಗೆಲುವು. ಒಂದು ಗಂಟೆಯೊಳಗೆ ಹಾಲೂಡಿಸಿದವರು ಮೊದಲ ಸುತ್ತಿನ ಶೇ 9.5ರಿಂದ ನಾಲ್ಕನೆಯದರಲ್ಲಿ 41.6ಕ್ಕೆ ಏರಿದರು. ಐದನೆಯದರಲ್ಲಿ 41.8, ಏರಿಕೆ ಅಲ್ಲಿಗೇ ನಿಂತಿತು.

ಈ ಕೊನೆಯೆರಡು, ನಾಲ್ಕನೆಯ ಮತ್ತು ಐದನೆಯ, ಸುತ್ತುಗಳ ನಡುವೆ ಆಸ್ಪತ್ರೆಯ ಹೆರಿಗೆಗಳು ಶೇ 78.9ರಿಂದ 88.6ಕ್ಕೆ ಏರಿದ್ದವು. ಹತ್ತರಲ್ಲಿ ಒಂಬತ್ತು ಹೆರಿಗೆ ದಾದಿಯರ ಕಣ್ಣೆದುರೇ ಆಗುತ್ತಿರುವಾಗ ಅರ್ಧಕ್ಕಿಂತ ಹೆಚ್ಚು ಕೂಸುಗಳು ಮೊದಲ ಗಂಟೆಯ ಹಾಲನ್ನು ಕಳೆದುಕೊಳ್ಳುತ್ತಿವೆ. ಸಿಸೇರಿಯನ್ ಹೆರಿಗೆ ಶೇ 17.2ರಿಂದ 21.5ಕ್ಕೆ, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4ಕ್ಕೆ ತಲುಪಿದ್ದು ಇಲ್ಲಿ ನೆನೆಯಬೇಕಾದ ಸಂಗತಿ. ಇದೇ ಸಮೀಕ್ಷೆಯ ಮಾಹಿತಿಯನ್ನು ಬಳಸಿದ ಸಂಶೋಧಕರು, ಸಿಸೇರಿಯನ್ ಆದ ತಾಯಂದಿರು ಮೊದಲ ಗಂಟೆಯೊಳಗೆ ಹಾಲೂಡಿಸುವ ಸಾಧ್ಯತೆ ಕಡಿಮೆ ಎಂದು ಮತ್ತೆ ಮತ್ತೆ ತೋರಿಸಿದ್ದಾರೆ. ಕರ್ನಾಟಕದಲ್ಲಿ ಈ ಎರಡೂ ಗೆರೆಗಳು ಎದುರುಬದುರಾಗಿ ಸಾಗಿವೆ. ಸಿಸೇರಿಯನ್ ಶೇ 23.6ರಿಂದ 31.5ಕ್ಕೆ ಏರಿದೆ, ಒಂದು ಗಂಟೆಯೊಳಗಿನ ಹಾಲು ಸುಮಾರು ಶೇ 56ರಿಂದ 49ಕ್ಕೆ ಇಳಿದಿದೆ. ಅಮ್ಮಂದಿರಿಗೆ ತಿಳಿವಳಿಕೆ ಸಾಲದು ಎಂಬ ಹಳೆಯ ವಿವರಣೆ ಇಲ್ಲಿ ಸಾಲದು. ಹೊಲಿಗೆ ಹಾಕಿಸಿಕೊಂಡು ಮಲಗಿರುವವಳ ಎದೆಗೆ ಕೂಸನ್ನು ತಂದಿಡುವ ಹೊಣೆ ಆಸ್ಪತ್ರೆಯದು.

ರಾಗಿ ಸರಿಯ ಬಟ್ಟಲಿನಿಂದ ಮುಂದೆ

ಆರು ತಿಂಗಳ ನಂತರದ ಆಹಾರಕ್ಕೆ ನಿಖರ ಅಳತೆಗಳು ಬಂದದ್ದು 2008ರಲ್ಲಿ. ಧಾನ್ಯ, ಬೇಳೆಕಾಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಎ ಅನ್ನಾಂಗವಿರುವ ತರಕಾರಿ ಹಣ್ಣು, ಇತರ ತರಕಾರಿ ಹಣ್ಣು ಎಂಬ ಏಳು ಗುಂಪುಗಳಲ್ಲಿ ದಿನಕ್ಕೆ ನಾಲ್ಕಾದರೂ ಮಗುವಿಗೆ ಸಿಗಬೇಕು ಎಂದಾಯಿತು. ನೀರಲ್ಲಿ ಕಾಯಿಸಿದ ರಾಗಿ ಸರಿ ಒಂದು ಗುಂಪು. ಅದಕ್ಕೆ ಹಾಲು ಬೆರೆಸಿದರೆ ಎರಡು, ಮಧ್ಯಾಹ್ನ ಬೇಳೆ ಹಿಚುಕಿದ ಅನ್ನ ಕೊಟ್ಟರೆ ಮೂರು, ಸೊಪ್ಪೋ ಪರಂಗಿ ಹಣ್ಣೋ ಸೇರಿದರೆ ನಾಲ್ಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2021ರಲ್ಲಿ ಎದೆಹಾಲನ್ನೇ ಎಂಟನೆಯ ಗುಂಪಾಗಿ ಎಣಿಸಿ, ಎಂಟರಲ್ಲಿ ಐದು ಎಂದು ತಿದ್ದಿದವು. ಸಿಹಿ ಪಾನೀಯ, ಕುರುಕಲು ತಿಂಡಿಗಳನ್ನು ಅಳೆಯುವ ಸೂಚಕಗಳೂ ಆಗಲೇ ಸೇರಿಕೊಂಡವು.

2008ರ ಅಳತೆಯಲ್ಲೇ ನಮ್ಮ ಸ್ಥಿತಿ ನೋವು ತರುವಂಥದು. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ, ಸಾಕಷ್ಟು ಸಲದ ಆಹಾರ ಸಿಗುತ್ತಿದ್ದವರು ನಾಲ್ಕನೆಯ ಸುತ್ತಿನಲ್ಲಿ ಶೇ 9.6, ಐದನೆಯದರಲ್ಲಿ ಶೇ 11.3. ಎದೆಹಾಲಿನ ಲೆಕ್ಕ ಇಷ್ಟು ಏರಿದ್ದರೂ ತಟ್ಟೆಯ ಲೆಕ್ಕ ಕದಲಿಲ್ಲ. ಎದೆಹಾಲಿಗೆ ಪ್ರಚಾರ ಸಾಕಾಗಬಹುದು. ಬೇಳೆ, ಮೊಟ್ಟೆ, ಹಣ್ಣಿಗೆ ಕೈಯಲ್ಲಿ ಕಾಸು ಬೇಕು, ದಿನಕ್ಕೆ ಮೂರು ನಾಲ್ಕು ಸಲ ಕೂತು ಉಣಿಸುವವರು ಬೇಕು.

ತಾಯಿಯ ಸರದಿ

ಬ್ರಿಟನ್ ಹಿಡಿದ ದಾರಿ ಬೇರೆಯಾಗಿತ್ತು. 1975ರಿಂದ 2010ರವರೆಗೆ ಐದು ವರ್ಷಕ್ಕೊಮ್ಮೆ ನಡೆದ ಅಲ್ಲಿನ ಸಮೀಕ್ಷೆ, ಅದೇ ತಾಯಂದಿರನ್ನು ಮಗುವಿನ ಮೊದಲ ಎಂಟು ಹತ್ತು ತಿಂಗಳಲ್ಲಿ ಮೂರು ಸಲ ಕೇಳುತ್ತಿತ್ತು. 2010ರಲ್ಲಿ ಅಲ್ಲಿ ಶೇ 81 ತಾಯಂದಿರು ಹಾಲೂಡಿಸಲು ಶುರುಮಾಡಿದರೂ, ಆರು ತಿಂಗಳು ತುಂಬುವವರೆಗೆ ಎದೆಹಾಲನ್ನಷ್ಟೇ ಕೊಟ್ಟವರು ಸುಮಾರು ಶೇ 1. ಯಾವ ವಾರ ನಿಲ್ಲಿಸಿದಿರಿ, ಏಕೆ ನಿಲ್ಲಿಸಿದಿರಿ, ಕೆಲಸಕ್ಕೆ ಯಾವಾಗ ಮರಳಿದಿರಿ ಎಂದು ಆ ಸಮೀಕ್ಷೆ ಕೇಳಿತು. ಬೇಗ ನಿಲ್ಲಿಸಿದ ಬಹುಪಾಲು ತಾಯಂದಿರು ಇನ್ನೂ ಕೆಲವು ಕಾಲ ಊಡಿಸುವ ಆಸೆಯಿತ್ತು ಎಂದರು. ತಾಯಿಯನ್ನು ಕೇಳಿದ್ದರಿಂದಲೇ ಅದು ಗೊತ್ತಾಯಿತು.

ನಮ್ಮ ಐದನೆಯ ಸುತ್ತು 707 ಜಿಲ್ಲೆಗಳಲ್ಲಿ 7,24,115 ಮಹಿಳೆಯರನ್ನು ಮಾತಾಡಿಸಿದೆ. ದುಡಿಯುತ್ತೀರಾ ಎಂದು ಕೇಳುತ್ತದೆ, ಮಗು ನಿನ್ನೆ ಏನು ತಿಂದಿತು ಎಂದೂ ಕೇಳುತ್ತದೆ. ಇವೆರಡರ ನಡುವೆ ಇರಬೇಕಾದ ಪ್ರಶ್ನೆಗಳಿಲ್ಲ. ಹೆರಿಗೆಯಾದ ಎಷ್ಟನೆಯ ವಾರ ಕೆಲಸಕ್ಕೆ ಮರಳಿದಿರಿ? ಸಂಬಳ ಸಹಿತ ರಜೆ ಸಿಕ್ಕಿತೇ? ಹಗಲು ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? ಹಾಲು ಸಾಲದೆಂದು ಅನಿಸಿದಾಗ ಯಾರು ಬಂದು ನೋಡಿದರು? 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದರೂ ಅದು ತಲುಪುವುದು ಸಂಘಟಿತ ವಲಯದ ಉದ್ಯೋಗಸ್ಥೆಯರನ್ನು. ಕೂಲಿಗೆ ಹೋಗುವವಳಿಗೆ, ಮನೆಗೆಲಸದವಳಿಗೆ, ಬೀಡಿ ಕಟ್ಟುವವಳಿಗೆ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ ಎಂದು ಹೇಳುತ್ತೇವೆ, ಆ ಆರು ತಿಂಗಳು ಅವಳು ಹೇಗೆ ಬದುಕಬೇಕೆಂದು ಹೇಳುವುದಿಲ್ಲ.

ಸಮೀಕ್ಷೆ ಕೇಳದ ಸಂಗತಿ ಬಜೆಟ್ಟಿನಲ್ಲಿ ಸ್ಥಾನ ಪಡೆಯುವುದು ಕಷ್ಟ. ನೀರಿನ ಪ್ರಶ್ನೆಯನ್ನು ಸೇರಿಸಿದ್ದರಿಂದ ಎಷ್ಟು ಕೂಸುಗಳಿಗೆ ಎದೆಹಾಲಿನ ಜೊತೆ ಬೇರೇನಾದರೂ ಕುಡಿಸುತ್ತಾರೆಂದು ತಿಳಿಯಿತು, ಆಹಾರದ ಗುಂಪುಗಳನ್ನು ಸೇರಿಸಿದ್ದರಿಂದ ಬಡ ತಟ್ಟೆ ಕಂಡಿತು. ಪ್ರಶ್ನಾವಳಿಗೆ ತಾಯಿಯ ದುಡಿಮೆ, ಬಿಡುವು ಮತ್ತು ಆಸರೆಯ ಪ್ರಶ್ನೆಗಳನ್ನು ಸೇರಿಸಿದರೆ, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಸಾಕಷ್ಟು ಆಹಾರ ಏಕೆ ಸಿಗುತ್ತಿಲ್ಲ ಎಂಬುದಕ್ಕೆ ಉತ್ತರ ಸಿಗಲು ತೊಡಗುತ್ತದೆ. ಅಷ್ಟು ಲಕ್ಷ ಮನೆಗಳ ಬಾಗಿಲಿಗೆ ಹೋಗುವ ಸಮೀಕ್ಷೆಗೆ ಅಷ್ಟನ್ನು ಕೇಳುವ ಶಕ್ತಿಯೂ ಇದೆ, ಕೇಳುವ ಹೊಣೆಯೂ ಇದೆ.