ಸೀಸದ ಬಿರಡೆ ಮತ್ತು ಕೆಂಪು ದೀಪ

ಯಂತ್ರಗಳು ನೀಡುವ ಎಚ್ಚರಿಕೆಯ ಇತಿಹಾಸವನ್ನು ಕೇವಲ ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಕೊಡುವುದು ಉಚಿತವಲ್ಲ. ಸದರ್ನ್ ಮರಾಠಾ ರೇಲ್ವೆ ಕಂಪನಿಯು 1880ರ ದಶಕದಲ್ಲಿ ಕಾರ್ಯಾಗಾರವನ್ನು ತೆರೆದ ಹುಬ್ಬಳ್ಳಿಯಂತಹ ಊರಿಗೆ ಅದು ಜನಜೀವನದ ಇತಿಹಾಸವೂ ಹೌದು.

ಉಗಿ ಎಂಜಿನ್ನಿನ ಚಾಲಕನ ಕಣ್ಣೆದುರಿಗೆ ಬಾಯ್ಲರಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆ ಇರುತ್ತಿತ್ತು. ಅದನ್ನು ಗಮನಿಸದೆ ಹೋದವನಿಗಾಗಿ ಬೆಂಕಿಗೂಡಿನ ಮೇಲ್ತಗಡಿನಲ್ಲಿ ಸೀಸ ತುಂಬಿದ ಬಿರಡೆಯೊಂದನ್ನು ಕೂಡಿಸುತ್ತಿದ್ದರು. ನೀರು ಆ ತಗಡಿಗಿಂತ ಕೆಳಗಿಳಿದರೆ ಸೀಸವು ಕರಗಿ, ಉಗಿಯು ಭೋರೆಂದು ಬೆಂಕಿಯ ಮೇಲೆ ನುಗ್ಗುವುದು. ಇದರ ಹಿಂದೆ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ 1803ರಲ್ಲಿ ನಡೆದ ದುರಂತವಿದೆ. ರಿಚರ್ಡ್ ಟ್ರೆವಿಥಿಕ್ ನಿರ್ಮಿಸಿದ ಯಂತ್ರವನ್ನು ನೋಡಿಕೊಳ್ಳಬೇಕಾದ ಹುಡುಗನು ಹಾವುಮೀನು ಹಿಡಿಯಲು ಹೋಗಿದ್ದಾಗ ಬಾಯ್ಲರು ಸಿಡಿದು ನಾಲ್ವರು ಮಡಿದರು. ಟ್ರೆವಿಥಿಕ್‌ನು ಹುಡುಗನನ್ನು ಹಳಿಯುವುದರಲ್ಲಿಯೇ ತೃಪ್ತನಾಗದೆ, ನೋಡುವವರಿಲ್ಲದಾಗಲೂ ತನ್ನ ಕೆಲಸವನ್ನು ತಾನೇ ಮಾಡುವ ಬಿರಡೆಯನ್ನು ಯೋಜಿಸಿದನು. ಅದೂ ನಿರ್ದುಷ್ಟವಲ್ಲ, ಮೇಲೆ ಸುಣ್ಣದ ಪೊರೆ ಕಟ್ಟಿದರೆ ಕೆಲಸ ಮಾಡಬೇಕಾದಾಗ ಮಾಡದೆ ಹೋಗಬಹುದು. ಆದುದರಿಂದ ಬಾಯ್ಲರು ತೊಳೆಯುವವನ ಶ್ರದ್ಧೆಯೂ ಚಾಲಕನ ಶ್ರದ್ಧೆಯಷ್ಟೇ ಮುಖ್ಯವಾಗಿದ್ದಿತು.

ಹಳಿಯ ಬದಿಯ ಕೆಂಪು ದೀಪದ ರೀತಿ ಬೇರೆ. ಅದು ಹೇಳುತ್ತದೆ, ತಡೆಯುವುದಿಲ್ಲ. 2012ರ ಮೇ 22ರಂದು ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಗಾಡಿಯು ಪೆನುಕೊಂಡದ ಬಳಿ ಕೆಂಪು ಸಂಕೇತವನ್ನು ದಾಟಿ, ನಿಂತಿದ್ದ ಸರಕು ಗಾಡಿಗೆ ಅಪ್ಪಳಿಸಿತು. 20ಕ್ಕೂ ಹೆಚ್ಚು ಪ್ರಯಾಣಿಕರು ಅಸುನೀಗಿದರು. (1565ರ ಅನಂತರ ವಿಜಯನಗರದ ಅರಸರಿಗೆ ಆಶ್ರಯವಿತ್ತ ಪೆನುಕೊಂಡವೇ ಇದು.) ಇಂತಹ ಸಂದರ್ಭಗಳಲ್ಲಿ ‘ಚಾಲಕನ ಅಲಕ್ಷ್ಯ’ ಎಂಬೆರಡು ಪದಗಳಲ್ಲಿ ವಿಚಾರಣೆಯನ್ನು ಮುಗಿಸುವ ಪ್ರವೃತ್ತಿಯು ಇತಿಹಾಸಕಾರನಿಗೆ ಸಲ್ಲದು. ಇಡೀ ರಾತ್ರಿ ನೂರಾರು ದೀಪಗಳನ್ನು ಓದಬೇಕಾದ ಕಣ್ಣಿಗೆ ಒಂದು ದೀಪ ತಪ್ಪಿದರೆ ಅದನ್ನು ತಡೆಯಬಲ್ಲ ಎರಡನೆಯ ಏರ್ಪಾಡು ಯಾವುದಿತ್ತು?

ಚಾಲಕನು ನಿಯತಕಾಲದಲ್ಲಿ ಗುಂಡಿಯನ್ನೊತ್ತದಿದ್ದರೆ ದೀಪ ಮಿನುಗಿ, ಗಂಟೆ ಮೊಳಗಿ, ಕೊನೆಗೆ ಬ್ರೇಕು ತಾನಾಗಿ ಬೀಳುವ ಸಾಧನವು ಎಂಜಿನ್ನುಗಳಲ್ಲಿ ಬಳಕೆಗೆ ಬಂದಿದೆ. ಆದರೆ ಅದು ಚಾಲಕನು ಎಚ್ಚರವಾಗಿರುವನೇ ಎಂದಷ್ಟೇ ಕೇಳುವುದು. ಕೆಂಪು ದೀಪವನ್ನು ಕಂಡನೇ ಎಂದು ಕೇಳದು. ಸಂಕೇತದ ಎಚ್ಚರಿಕೆಯನ್ನೇ ಚಾಲಕನ ಕಿವಿಗೆ ಮುಟ್ಟಿಸುವ ಏರ್ಪಾಡು ಬ್ರಿಟನ್ನಿನಲ್ಲಿದ್ದಿತು. 1989ರ ಪರ್ಲಿ ಅಪಘಾತದಲ್ಲಿ ಚಾಲಕನ ಕೈ ಆ ಸದ್ದನ್ನು ಅಭ್ಯಾಸಬಲದಿಂದ ಅಡಗಿಸಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಭಾರತವು 2020ರಲ್ಲಿ ಅಂಗೀಕರಿಸಿದ ‘ಕವಚ’ ವ್ಯವಸ್ಥೆಯು ಕೆಂಪು ಸಂಕೇತದ ಮುಂದೆ ಚಾಲಕನು ಬ್ರೇಕು ಹಾಕದಿದ್ದಲ್ಲಿ ತಾನೇ ಹಾಕುತ್ತದೆ. ಸೀಸದ ಬಿರಡೆಯ ತತ್ತ್ವವು ಹೀಗೆ 200 ವರ್ಷಗಳ ತರುವಾಯ ಹಳಿಗೆ ಮರಳಿದೆ, ಎಂಜಿನ್ನು ಮತ್ತು ಹಳಿ ಎರಡರಲ್ಲಿಯೂ ಅದನ್ನು ಅಳವಡಿಸಿರುವ ಮಾರ್ಗಗಳಲ್ಲಿ ಮಾತ್ರ.