ಸೋರಿಕೆಯ ಲೆಕ್ಕ

ವಾಶಿ ಸೇತುವೆಯ ಒಂದು ದಡದಲ್ಲಿ ಮಾನ್‌ಖುರ್ದ್, ಅದರಾಚೆ ಟ್ರಾಂಬೆಯ ಗುಡ್ಡ, ಭಾಭಾ ಅಣು ಸಂಶೋಧನಾ ಕೇಂದ್ರ. ಇನ್ನೊಂದು ದಡದಲ್ಲಿ ಎಪಿಎಂಸಿಯ ಮಸಾಲೆ ಮಾರುಕಟ್ಟೆ. ಹಿಂದೆ ಮಸೀದಿ ಬಂದರಿನ ಗಲ್ಲಿಗಳಲ್ಲಿದ್ದ ಸಗಟು ವ್ಯಾಪಾರ ಖಾಡಿ ದಾಟಿ ಇಲ್ಲಿಗೆ ಬಂದಿದೆ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳೂ ಇಲ್ಲಿ ಇಳಿಯುತ್ತವೆ. ಯುರೇನಿಯಂ ಅಳೆಯುವವರಿಗೂ ಮೆಣಸಿನಪುಡಿ ಪರೀಕ್ಷಿಸುವವರಿಗೂ ಬೇಕಾದ ಯಂತ್ರ ಒಂದೇ: ಮಾಸ್ ಸ್ಪೆಕ್ಟ್ರೋಮೀಟರ್. ಇದರ ಚರಿತ್ರೆಯನ್ನು ನೊಬೆಲ್ ಬಹುಮಾನಗಳ ಸಾಲಾಗಿ ಹೇಳುವುದು ವಾಡಿಕೆ. ಸೋರಿಕೆ ಮತ್ತು ಕೊಳೆಯ ಚರಿತ್ರೆಯಾಗಿ ಹೇಳಿದರೆ ನಿಜಕ್ಕೆ ಹೆಚ್ಚು ಹತ್ತಿರ.

ಯಂತ್ರದ ತತ್ವ ಸರಳ. ಅಣುಗಳಿಗೆ ವಿದ್ಯುದಂಶ ಕೊಟ್ಟು ಅಯಾನುಗಳಾಗಿಸು, ಓಡಿಸು, ತೂಕದ ಪ್ರಕಾರ ಬೇರ್ಪಡಿಸು. ಕಷ್ಟವಿರುವುದು ಓಡುವ ದಾರಿಯಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಅಣು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ಸಾಗುವ ಮೊದಲೇ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಒತ್ತಡವನ್ನು ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೆ ಅದೇ ಅಣು ಹತ್ತಾರು ಮೀಟರ್ ತಡೆಯಿಲ್ಲದೆ ಹೋಗಬಲ್ಲದು. ವ್ಯಾಕ್ಯೂಮ್‌ಗೆ ಕನ್ನಡದಲ್ಲಿ ನಿಂತಿರುವ ಪದ ‘ನಿರ್ವಾತ’, ಗಾಳಿಯಿಲ್ಲದ್ದು. ‘ಶೂನ್ಯ’ ಎನ್ನದೆ ಹೀಗೆಂದವರು ಜಾಣರು. ಒಳಗೆ ಶೂನ್ಯ ಎಂದೂ ಇರುವುದಿಲ್ಲ. ಏನು ಉಳಿದಿದೆ ಎಂಬುದೇ ಪ್ರಶ್ನೆ.

1919ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಬಗೆಯ ಪರಮಾಣುಗಳಿವೆ ಎಂದು ತೋರಿಸಿದರು. 1922ರಲ್ಲಿ ನೊಬೆಲ್ ಬಂತು. 1940ರಲ್ಲಿ ಮಿನೆಸೋಟದ ಆಲ್ಫ್ರೆಡ್ ನಿಯರ್ ಇಂಥದೇ ಯಂತ್ರದಿಂದ ಯುರೇನಿಯಂ-235ರ ಅತ್ಯಲ್ಪ ಪ್ರಮಾಣವನ್ನು ಬೇರ್ಪಡಿಸಿದರು. ನಿಧಾನ ನ್ಯೂಟ್ರಾನ್‌ಗಳಿಂದ ಒಡೆಯುವುದು ಅದೇ ಎಂದು ಖಚಿತವಾಯಿತು. ಯುದ್ಧ ಬಂತು. ಓಕ್ ರಿಜ್‌ನಲ್ಲಿ ಯುರೇನಿಯಂ ಅನಿಲವನ್ನು ಸೋಸುವ ದೈತ್ಯ ಕಾರ್ಖಾನೆ ಕಟ್ಟುವಾಗ ಅಸಂಖ್ಯ ಬೆಸುಗೆಗಳಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕಾಯಿತು. ತೇವದ ಗಾಳಿ ಒಳಹೊಕ್ಕರೆ ಆ ಅನಿಲ ಕೆಡುತ್ತದೆ. ನಿಯರ್ ತಮ್ಮ ಯಂತ್ರವನ್ನೇ ಚಿಕ್ಕದಾಗಿಸಿ ಹೀಲಿಯಂ ಒಂದನ್ನೇ ಗುರುತಿಸುವಂತೆ ಮಾಡಿದರು. ಕೊಳವೆಯ ಹೊರಗೆ ಹೀಲಿಯಂ ಊದುವುದು. ಒಳಗಿನ ಮುಳ್ಳು ಮೇಲೇರಿದರೆ ತೂತು ಅಲ್ಲೇ. ತನ್ನ ಸೋರಿಕೆಗಳ ಜೊತೆ ಸದಾ ಹೆಣಗುವ ಯಂತ್ರ ಊರಿನ ಸೋರಿಕೆಗಳನ್ನೆಲ್ಲ ಹಿಡಿಯುವ ಕೆಲಸಕ್ಕೆ ನಿಂತಿತು.

ಟ್ರಾಂಬೆಗೆ ಈ ಯಂತ್ರ ಅನಿವಾರ್ಯವಾಗಿತ್ತು. 1960ರಲ್ಲಿ ಚಾಲೂ ಆದ ಸೈರಸ್ ರಿಯಾಕ್ಟರಿಗೆ ಭಾರಜಲ ಬೇಕು. ಅದರ ಡ್ಯುಟೀರಿಯಂ ಪ್ರಮಾಣ ಅಳೆಯಬೇಕು. ಯುರೇನಿಯಂ, ಪ್ಲುಟೋನಿಯಂಗಳ ಐಸೊಟೋಪ್ ಲೆಕ್ಕ ಬೇಕು. 1974ರ ಮೇ 18ರಂದು ಪೋಖ್ರಾನ್ ಸ್ಫೋಟ. ಆಗ ಕೇಂದ್ರದ ನಿರ್ದೇಶಕರು ತುಮಕೂರಿನ ರಾಜಾ ರಾಮಣ್ಣ. ಆಮೇಲೆ ಹೊರಗಿನಿಂದ ಉಪಕರಣ ತರುವುದು ಕಠಿಣವಾಯಿತು. ಕೇಂದ್ರದ ತಾಂತ್ರಿಕ ಭೌತವಿಜ್ಞಾನ ವಿಭಾಗ ಮಾಸ್ ಸ್ಪೆಕ್ಟ್ರೋಮೀಟರ್‌ಗಳನ್ನು ತಾನೇ ವಿನ್ಯಾಸ ಮಾಡಿ ಕಟ್ಟಿತು. 1978ರಲ್ಲಿ ಈ ವಿದ್ಯೆಯವರದೇ ಒಂದು ಭಾರತೀಯ ಸಂಘವೂ ಟ್ರಾಂಬೆಯಲ್ಲಿ ಹುಟ್ಟಿತು. ಇದನ್ನು ಸ್ವಾವಲಂಬನೆಯ ಕಥೆಯಾಗಿ ಹೇಳುತ್ತಾರೆ, ತಪ್ಪಲ್ಲ. ಆದರೆ ಆ ಕಥೆಯಲ್ಲಿ ಬೆಸುಗೆಯವರು, ಫಿಟ್ಟರ್‌ಗಳು, ಪಂಪಿನ ಎಣ್ಣೆ ಬದಲಿಸಿದವರು ಕಾಣುವುದೇ ಕಡಿಮೆ.

ಅವರ ಕೆಲಸದ ಸೊಗಸೆಂದರೆ, ಕೆಟ್ಟ ಯಂತ್ರ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಮಾದರಿ ಏನನ್ನೂ ಹಾಕದೆ ನೋಡಬೇಕು. 28 ಮತ್ತು 32ರಲ್ಲಿ ಸುಮಾರು ನಾಲ್ಕಕ್ಕೆ ಒಂದರಂತೆ ಗೆರೆಗಳೆದ್ದು, 40ರಲ್ಲಿ ಆರ್ಗಾನ್ ಸಣ್ಣದಾಗಿ ಇಣುಕಿದರೆ ಹೊರಗಿನ ಗಾಳಿ ನುಗ್ಗುತ್ತಿದೆ. 18 ಮಾತ್ರ ಎತ್ತರವಿದ್ದರೆ ಗೋಡೆಗಳಿಗೆ ನೀರು ಹತ್ತಿದೆ. ಖಾಡಿಯ ದಂಡೆಯಲ್ಲಿ ಜುಲೈ ತಿಂಗಳಲ್ಲಿ ಯಂತ್ರ ಬಿಚ್ಚಿದವರಿಗೆ ಇದು ಹೊಸದಲ್ಲ. ಒಣ ನೈಟ್ರೋಜನ್ ತುಂಬಿಸದೆ ಮುಚ್ಚಳ ತೆಗೆದರೆ ಆಮೇಲೆ ಪಂಪು ದಿನಗಟ್ಟಲೆ ಓಡಬೇಕು. 43, 57ರ ಸಾಲು ಕಂಡರೆ ಪಂಪಿನ ಎಣ್ಣೆಯ ಮೇಲೆ ಅನುಮಾನ; ಇಲ್ಲವೇ ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ.

ಅಯಾನು ಹುಟ್ಟುವ ಜಾಗದ ರೋಗ ಬೇರೆ. ಅಲ್ಲಿನ ಲೋಹದ ಮೇಲೆ ಮಾದರಿಗಳ ಕರಿ ಪದರಗಟ್ಟುತ್ತದೆ. ಪದರದಲ್ಲಿ ವಿದ್ಯುದಂಶ ನಿಂತು ಅಯಾನುಗಳ ದಾರಿ ತಪ್ಪಿಸುತ್ತದೆ. ಸಂಕೇತ ದಿನದಿಂದ ದಿನಕ್ಕೆ ಕುಗ್ಗುತ್ತದೆ. ಮದ್ದು ನಮ್ಮ ಅಡುಗೆಮನೆಯದೇ: ಬಿಚ್ಚಿ, ನುಣುಪು ಅಲ್ಯೂಮಿನಾ ಪುಡಿಯನ್ನು ನೀರಿನಲ್ಲಿ ಕಲಸಿ ಉಜ್ಜಿ, ನೀರು, ಮೆಥನಾಲ್, ಅಸಿಟೋನ್‌ಗಳಲ್ಲಿ ತೊಳೆದು, ಒಣಗಿಸಿ, ಕೈಗವಸು ತೊಟ್ಟು ಮತ್ತೆ ಜೋಡಿಸುವುದು.

ಈ ಉಜ್ಜಾಟ ಮಾರುಕಟ್ಟೆಯ ದಡವನ್ನು ಮುಟ್ಟಿದ್ದು 2003ರಲ್ಲಿ. ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ‘ಸುಡಾನ್ 1’ ಎಂಬ ಕಾರ್ಖಾನೆಯ ಕೆಂಪು ಬಣ್ಣವಿದೆ ಎಂದು ಫ್ರಾನ್ಸ್ ವರದಿ ಮಾಡಿತು. ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಪರೀಕ್ಷೆಯಿಲ್ಲದ ಮೆಣಸನ್ನು ತಡೆಯಿತು. 2005ರಲ್ಲಿ ಬ್ರಿಟನ್ ನೂರಾರು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸು ತರಿಸಿತು. ಭಾರತದ ಸಂಬಾರ ಮಂಡಳಿ ರಫ್ತಿಗೆ ಪರೀಕ್ಷೆ ಕಡ್ಡಾಯ ಮಾಡಿತು. ನವಿ ಮುಂಬಯಿಯಲ್ಲೂ ಅದರ ಪ್ರಯೋಗಾಲಯವಿದೆ. ಬ್ಯಾಡಗಿಗೆ ಹೊರಗಿನ ಬಣ್ಣದ ಹಂಗಿಲ್ಲ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬುದೇ ಅದರ ಕೀರ್ತಿ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಪುಡಿಯಾದ ಮೇಲೆ ಎಲ್ಲ ಕೆಂಪೂ ಕಣ್ಣಿಗೆ ಒಂದೇ. ಹಾವೇರಿಯ ರೈತನ ಮಾಲು ಶುದ್ಧವೆಂದು ಹೇಳಬೇಕಾದ್ದು ಯಂತ್ರ.

ತೊಡಕು ಅಲ್ಲೇ ಇದೆ. ಮೆಣಸಿನ ಬಣ್ಣ, ಎಣ್ಣೆಗಳೇ ಯಂತ್ರದ ಬಾಯಿಗೆ ಮೆತ್ತಿಕೊಂಡು ಬೇರೆ ಅಣುಗಳು ಅಯಾನಾಗುವುದನ್ನು ಅದುಮುತ್ತವೆ. ಕೊಳಕು ಯಂತ್ರದ ಕಣ್ಣಿಗೆ ಕಲಬೆರಕೆ ಪುಡಿಯೂ ಶುದ್ಧ. ಆದ್ದರಿಂದ ಪ್ರತಿ ಮಾದರಿಗೂ ಗೊತ್ತಿರುವ ಅಳತೆಯ ‘ಸುಡಾನ್ 1’ನ್ನೇ ಬೆರೆಸುವ ಪದ್ಧತಿ ಬಂದಿದೆ. ಬೆರೆಸುವುದು ಐದು ಹೈಡ್ರೋಜನ್ ಜಾಗದಲ್ಲಿ ಐದು ಡ್ಯುಟೀರಿಯಂ ಇರುವ ರೂಪ, ಟ್ರಾಂಬೆಯವರು ಭಾರಜಲದಲ್ಲಿ ಅಳೆಯುತ್ತಿದ್ದ ಅದೇ ಡ್ಯುಟೀರಿಯಂ. ಬಣ್ಣದ ಗೆರೆ 249ರಲ್ಲಿ, ಬೆರೆಸಿದ್ದರದು 254ರಲ್ಲಿ. 254 ಸರಿಯಾಗಿ ನಿಂತು 249 ಇಲ್ಲದಿದ್ದರೆ ಚೀಲ ಹಡಗು ಹತ್ತಬಹುದು. 254 ಕೂಡ ಕುಸಿದಿದ್ದರೆ ವರದಿ ಬರೆಯುವಂತಿಲ್ಲ. ಯಂತ್ರ ನಿಲ್ಲಿಸಿ, ಬಿಚ್ಚಿ, ಉಜ್ಜಲು ಕೂರಬೇಕು.