ಕೊಲೊರಾಡೊದಲ್ಲಿ ಹುಟ್ಟಿದ ಮಕ್ಕಳ ನರ್ಸ್ ಪ್ರಾಕ್ಟಿಷನರ್

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮಕ್ಕಳ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರುಮಾಡಿದರು. ವೈದ್ಯರ ಕೊರತೆ ನೀಗಿಸಲು ಹುಟ್ಟಿದ ಏರ್ಪಾಡು ಎಂದೇ ಇದನ್ನು ವಿವರಿಸುವುದು ರೂಢಿ. ಕೊರತೆ ಇದ್ದದ್ದು ನಿಜ. ಆದರೆ ಅದೊಂದೇ ಕಾರಣವೆಂದರೆ ನರ್ಸ್‌ಗಳಿಗೆ ಅನ್ಯಾಯವಾಗುತ್ತದೆ. ಹಳ್ಳಿಗಾಡಿನ ಕ್ಲಿನಿಕ್ಕುಗಳಲ್ಲಿ ಅವರು ಮೊದಲಿನಿಂದಲೂ ಶಿಶುಗಳ ತೂಕ ನೋಡಿ, ಲಸಿಕೆ ಹಾಕಿ, ತಾಯಂದಿರ ಅನುಮಾನಗಳಿಗೆ ಉತ್ತರಿಸುತ್ತಿದ್ದರು. ತರಬೇತಿ ಸೇರಿಸಿದ್ದು ತೀರ್ಮಾನದ ಹೊಣೆಯನ್ನು: ಅಳುವ ಮಗುವಿನ ಕಿವಿಯೊಳಗೆ ಬೆಳಕು ಬಿಟ್ಟು ತಮಟೆ ಕೆಂಪಾಗಿದೆಯೇ ಎಂದು ನೋಡುವುದು, ಎದೆಬಡಿತ ಆಲಿಸುವುದು, ಯಾವುದು ಸಹಜ, ಯಾವುದನ್ನು ವೈದ್ಯರಿಗೆ ಕಳಿಸಬೇಕು ಎಂದು ತಾವೇ ನಿರ್ಧರಿಸುವುದು.

ವಿರೋಧ ಶುಶ್ರೂಷಾ ವಲಯದ ಒಳಗಿನಿಂದಲೂ ಬಂತು. ಮಾರ್ಥಾ ರೋಜರ್ಸ್ ಅವರಂಥ ಚಿಂತಕಿಗೆ ಇದು ಶುಶ್ರೂಷೆಯನ್ನು ತೊರೆದು ವೈದ್ಯಕೀಯದತ್ತ ವಾಲುವ ದಾರಿಯಾಗಿ ಕಂಡಿತು. ವೃತ್ತಿಯ ಸ್ವಂತಿಕೆಯ ಬಗೆಗಿನ ಆ ಕಾಳಜಿ ಗೌರವಾರ್ಹ. ಆದರೂ ಸ್ಟೆತಸ್ಕೋಪು ಹಿಡಿದ ಮಾತ್ರಕ್ಕೆ ಶುಶ್ರೂಷೆ ಕೈಬಿಟ್ಟಂತಾಗುವುದಿಲ್ಲ. ಮಗುವಿನ ಬೆಳವಣಿಗೆ, ಮನೆಯ ಪರಿಸ್ಥಿತಿ, ಕಾಯಿಲೆ ಬಾರದಂತೆ ತಡೆಯುವುದು, ಇವೇ ಫೋರ್ಡ್ ಅವರ ಕಲ್ಪನೆಯ ತಿರುಳಾಗಿದ್ದವು. 1970ರ ದಶಕದಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳೂ ಇಂಥ ನರ್ಸ್‌ಗಳನ್ನು ತಯಾರುಮಾಡತೊಡಗಿದವು. ಅಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸಿನ ಉಸಿರಾಟದ ಜೊತೆಗೆ ಹೆತ್ತವರ ದಿಗಿಲೂ ಅವರ ಪಾಲಿನ ಕೆಲಸವೇ ಆಯಿತು.